ಇಂಗ್ಲಿಷಿನ ‘ಹರ್ರಿ’ ನಮ್ಮ ‘ಹರಿ’ಯಿಂದ ಬಂದದ್ದೇ?

ಪದಗಳ ಅರ್ಥ ಮತ್ತು ಮೂಲವನ್ನು ಕುರಿತು ಓದುಗರು ಕೇಳುವ ಪ್ರಶ್ನೆಗಳಿಗೆ ಮೀಸಲಾದ ಈ ಅಂಕಣಕ್ಕೆ ಈ ಬಾರಿ ಆಯ್ದುಕೊಂಡಿರುವ ಪತ್ರಗಳೆಲ್ಲ ಅವಸರವನ್ನು ಹೇಳುವ ಇಂಗ್ಲಿಷ್ ಮಾತುಗಳನ್ನು ಕುರಿತವು. ಮೊದಲನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ದೀರ್ಘವಾಗಿದೆ. ವಿಷಯವೇ ಅಷ್ಟನ್ನು ಬೇಡುತ್ತದೆ.

ಪ್ರಶ್ನೆ: ಬೆಳಗ್ಗೆ ಮಕ್ಕಳನ್ನು ಶಾಲೆಗೆ ಹೊರಡಿಸುವಾಗ ನಾವೆಲ್ಲರೂ ‘ಹರ್ರಿ ಅಪ್’ ಎನ್ನುತ್ತೇವೆ. ಈ ‘ಹರ್ರಿ’ ಎಂಬ ಪದದ ಸರಿಯಾದ ಅರ್ಥವೇನು, ಅದರ ಮೂಲ ಯಾವುದು? ಹಳೆಯ ಕನ್ನಡದಲ್ಲಿ ‘ಹರಿ’ ಎಂದರೆ ಓಡು ಎಂಬ ಅರ್ಥವಿತ್ತೆಂದೂ ಇಂಗ್ಲಿಷಿನ ಪದ ಅದರಿಂದಲೇ ಹುಟ್ಟಿತೆಂದೂ ಸ್ನೇಹಿತರೊಬ್ಬರು ಬಲವಾಗಿ ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ತಮ್ಮ ಸ್ನೇಹಿತರ ವಾದದ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಸರಿಯಲ್ಲ. ಕನ್ನಡದ ‘ಹರಿ’ಗೆ ಓಡು, ಮುನ್ನುಗ್ಗು ಎಂಬ ಅರ್ಥ ನಿಜಕ್ಕೂ ಇತ್ತು. ‘ಜಾತ್ರೆಗೆ ಜನ ಹರಿದು ಬಂದರು’ ಎಂದು ಇಂದಿಗೂ ಹೇಳುವಾಗ ಆ ಹಳೆಯ ಅರ್ಥವೇ ಉಳಿದಿದೆ. ನೀರು ಹರಿಯುವುದೂ ಅದೇ ಧಾತುವಿನ ಮಾತು. ಆದರೆ ಈ ಧಾತು ಮೊದಲಿಗೆ ‘ಹರಿ’ ಆಗಿರಲಿಲ್ಲ, ‘ಪರಿ’ ಆಗಿತ್ತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೂವು ಹೂವಾದಂತೆ ಪರಿಯೂ ಹರಿಯಾಯಿತು. ಪದದ ಮೊದಲಿನ ಪಕಾರವು ಹಕಾರವಾಗುವ ಈ ಬದಲಾವಣೆ 10ನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಕಾಣಿಸಿಕೊಂಡು, 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ನೆಲೆನಿಂತಿತು. 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನ ಕನ್ನಡದಲ್ಲಿ ಓಡುವುದು ‘ಪರಿ’ಯೇ. ತಮಿಳಿನಲ್ಲಿ ಓಟ, ವೇಗ ಎಂಬ ಅರ್ಥದ ‘ಪರಿ’ ಕುದುರೆಗೂ ಹೆಸರಾಗಿದೆ. ಹೀಗಾಗಿ ನಮ್ಮ ಧಾತುವಿನ ನಿಜವಾದ ನಂಟರು ದ್ರಾವಿಡ ಭಾಷೆಗಳಲ್ಲಿರುವ ಪಕಾರದ ಪದಗಳು. ಇಂಗ್ಲಿಷಿನ ಹಕಾರದೊಡನೆ ಅದಕ್ಕಿರುವ ಹೋಲಿಕೆ ಬಹಳ ತಡವಾಗಿ, ಆಕಸ್ಮಿಕವಾಗಿ ಉಂಟಾದದ್ದು. ವಿಷ್ಣುವಿನ ಹೆಸರಾದ ‘ಹರಿ’ ಸಂಸ್ಕೃತದ್ದು, ಅದು ಇವೆರಡಕ್ಕಿಂತಲೂ ಬೇರೆ. ದೂತನೆಂಬ ಅರ್ಥದ ‘ಹರಿಕಾರ’ವನ್ನೂ ಕೆಲವರು ಓಡುವ ಹರಿಗೆ ಜೋಡಿಸುವುದುಂಟು, ಅದು ಪಾರಸಿಯ ‘ಹರ್‌ಕಾರಾ’ದಿಂದ ಬಂದ ಮಾತು.

ಇನ್ನೊಂದು ಕಡೆಯಿಂದಲೂ ಇದನ್ನು ಪರೀಕ್ಷಿಸಬಹುದು. ಒಂದು ಭಾಷೆಯ ಪದ ಇನ್ನೊಂದಕ್ಕೆ ಹೋಗಬೇಕಾದರೆ ಆ ಎರಡು ಜನಗಳ ನಡುವೆ ವ್ಯವಹಾರವಿರಬೇಕು. ‘ಹರ್ರಿ’ ಕ್ರಿಯಾಪದವಾಗಿ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದು 1590ರ ದಶಕದಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ರಾಣಿಯ ಸನ್ನದು ದೊರೆತದ್ದು 1600ರ ಕೊನೆಯ ದಿನ. ಕಾರವಾರದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕೋಠಿ ಹೂಡಿದ್ದು ಅದಕ್ಕಿಂತಲೂ ಎಷ್ಟೋ ವರ್ಷಗಳ ಅನಂತರ. ಮೇಲಾಗಿ, ಹಡಗಿನ ವ್ಯಾಪಾರದ ಕಾಲದಲ್ಲಿ ದಕ್ಷಿಣ ಭಾರತದ ಭಾಷೆಗಳಿಂದ ಯೂರೋಪಿಗೆ ಮೊದಲು ಹೋದವು ಸರಕುಗಳ ಹೆಸರುಗಳು. ಮಲಯಾಳದಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಸೇರಿದ ‘ಟೀಕ್’, ‘ಮ್ಯಾಂಗೊ’ಗಳು ಅಂಥವು. ತೇಗವನ್ನೂ ಮಾವನ್ನೂ ಕಂಡರಿಯದವರಿಗೆ ಅವುಗಳ ಹೆಸರು ಹೊರಗಿನಿಂದ ಬೇಕಾಗಿತ್ತು. ಅವಸರಪಡುವುದನ್ನು ಹೇಳಲು ಲಂಡನ್ನಿನ ಜನ ಪರದೇಶದ ಮಾತಿಗಾಗಿ ಕಾಯಬೇಕಾಗಿರಲಿಲ್ಲ.

ಹಾಗಾದರೆ ‘ಹರ್ರಿ’ ಎಲ್ಲಿಯದು? ಇದು ಸದ್ದನ್ನು ಅನುಕರಿಸಿ ಹುಟ್ಟಿದ ಪದವಾಗಿರಬೇಕೆಂಬುದು ನಿಘಂಟುಕಾರರ ಸಾಮಾನ್ಯ ಅಭಿಪ್ರಾಯ. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಹರ್ರೆನ್’ ಎಂಬ ಕ್ರಿಯಾಪದವಿತ್ತು. ರೆಕ್ಕೆಯೋ ಚಕ್ರವೋ ವೇಗವಾಗಿ ಅದುರುವಾಗ, ಕೀಟ ಗುಂಯ್‌ಗುಡುವಾಗ ಕೇಳಿಬರುವ ಸದ್ದು ಅದರ ಅರ್ಥ. ಜರ್ಮನ್ ಭಾಷೆಯ ಹಳೆಯ ರೂಪದಲ್ಲಿ ‘ಹುರ್ರೆನ್’ ಎಂದರೆ ರಭಸದಿಂದ ಚಲಿಸುವುದು, ಸ್ವೀಡಿಷ್ ಆಡುನುಡಿಗಳಲ್ಲಿ ‘ಹುರ್ರ’ ಎಂದರೆ ಗಿರ್ರನೆ ತಿರುಗುವುದು, ಡೇನಿಷ್‌ನಲ್ಲಿ ‘ಹುರ್ರೆ’ ಎಂದರೆ ಗುಂಯ್‌ಗುಡುವುದು. ನಾಟಕಕಾರ ಬೆನ್ ಜಾನ್ಸನ್ ಬರೆದು ಅವನ ಮರಣಾನಂತರ 1640ರಲ್ಲಿ ಅಚ್ಚಾದ ಇಂಗ್ಲಿಷ್ ವ್ಯಾಕರಣದಲ್ಲಿ ರಕಾರವನ್ನು ‘ನಾಯಿಯ ಅಕ್ಷರ’ವೆಂದು ಕರೆದು, ಅದು ಉಚ್ಚಾರದಲ್ಲಿ ‘ಹರ್’ ಎಂದು ಅದುರುತ್ತದೆ ಎಂದು ವರ್ಣಿಸಲಾಗಿದೆ; ಆ ವರ್ಣನೆಗೆ ಅವನು ಬಳಸಿದ ಕ್ರಿಯಾಪದ ಈ ಹಳೆಯ ‘ಹರ್’ ಎಂಬುದೇ.

ಕನ್ನಡಿಗರಿಗೆ ಈ ವಿವರಣೆಯನ್ನು ಒಪ್ಪಿಕೊಳ್ಳುವುದು ಕಷ್ಟವಾಗಬಾರದು. ನಮ್ಮ ವೈಯಾಕರಣರು ಅನುಕರಣಾವ್ಯಯಗಳೆಂದು ಕರೆದ ಪದಗಳ ರಾಶಿಯಲ್ಲಿ ವೇಗಕ್ಕೆ ಸಂಬಂಧಿಸಿದವುಗಳನ್ನು ಆರಿಸಿ ನೋಡಿದರೆ, ಅವುಗಳಲ್ಲಿ ಎಷ್ಟೋ ರಕಾರದ ಮೇಲೆಯೇ ನಿಂತಿವೆ: ಹಕ್ಕಿ ಬುರ್ರನೆ ಹಾರುತ್ತದೆ, ಹಾವು ಸರ್ರನೆ ಸರಿಯುತ್ತದೆ, ಬುಗುರಿ ಗಿರ್ರನೆ ತಿರುಗುತ್ತದೆ, ಸಿಟ್ಟಾದವರು ಬಿರಬಿರನೆ ನಡೆದುಹೋಗುತ್ತಾರೆ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ಒಂದೇ ಬಗೆಯ ಸದ್ದನ್ನು ಕೇಳಿ ಒಂದೇ ಬಗೆಯ ಅಕ್ಷರವನ್ನು ಹಿಡಿದುಕೊಂಡಿವೆ. ತಮ್ಮ ಸ್ನೇಹಿತರ ಕಿವಿಗೆ ಎರಡೂ ಭಾಷೆಗಳ ನಡುವೆ ಏನೋ ಒಂದು ಹೊಂದಿಕೆ ಕೇಳಿಸಿದ್ದರೆ ಅದು ಪೂರ್ತಿ ಸುಳ್ಳಲ್ಲವೆಂದೇ ನನ್ನ ಭಾವನೆ. ಆ ಹೊಂದಿಕೆಯನ್ನು ವಂಶಸಂಬಂಧವೆಂದು ಎಣಿಸಿದ್ದು ಮಾತ್ರ ತಪ್ಪು.

ಇನ್ನು ಅರ್ಥ. ಇಂದು ‘ಹರ್ರಿ’ ಎಂದರೆ ಅವಸರಪಡು, ಅವಸರಪಡಿಸು, ನಾಮಪದವಾದರೆ ಅವಸರ. ಮೊದಲಿಗೆ ಅದರಲ್ಲಿ ವೇಗಕ್ಕಿಂತ ಗದ್ದಲ ಹೆಚ್ಚಾಗಿತ್ತು. ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕದ ಐದನೆಯ ಅಂಕದಲ್ಲಿ ಹೆಂಡತಿಯೊಬ್ಬಳು ತನ್ನ ಗಂಡನಿಗೆ ಹುಚ್ಚು ಹಿಡಿಯಿತೆಂದೂ ಅವನು ಆಳಿನೊಡನೆ ಬೀದಿಯಲ್ಲಿ ಬೇಕಾಬಿಟ್ಟಿಯಾಗಿ ನುಗ್ಗಿದನೆಂದೂ ದೊರೆಯ ಮುಂದೆ ದೂರುತ್ತಾಳೆ. ಅಲ್ಲಿ ಬರುವ ಕ್ರಿಯಾಪದ ‘ಹರ್ರಿ’. ಅಲ್ಲಿಯ ಗಂಡ ಹೊತ್ತಾಯಿತೆಂದು ಓಡುತ್ತಿಲ್ಲ, ಮನಸ್ಸು ಕದಡಿದವನಂತೆ ನುಗ್ಗುತ್ತಿದ್ದಾನೆ ಎಂಬುದನ್ನು ಗಮನಿಸಬೇಕು. ನಾಮಪದ ಬಳಕೆಗೆ ಬಂದಾಗಲೂ ಗಲಭೆ, ಕ್ಷೋಭೆ ಎಂಬುವೇ ಅದರ ಮೊದಲ ಅರ್ಥಗಳು. 18ನೆಯ ಶತಮಾನದ ಪತ್ರಗಳಲ್ಲಿಯೂ ಕಾದಂಬರಿಗಳಲ್ಲಿಯೂ ‘ಹರ್ರಿ ಆಫ್ ಸ್ಪಿರಿಟ್ಸ್’ ಎಂಬ ಪ್ರಯೋಗ ಮತ್ತೆಮತ್ತೆ ಸಿಗುತ್ತದೆ. ಎದೆ ಡವಗುಟ್ಟುವಂಥ ತಳಮಳ ಎಂದು ಅದರ ತಾತ್ಪರ್ಯ. ಅದನ್ನು ಅವಸರವೆಂದು ಅನುವಾದಿಸಿದರೆ ಇಡೀ ವಾಕ್ಯ ಕೆಡುತ್ತದೆ.

‘ಹರ್ರಿ’ಯನ್ನು ‘ಹ್ಯಾರಿ’ ಎಂಬ ಇನ್ನೊಂದು ಕ್ರಿಯಾಪದದೊಡನೆ ಬೆರೆಸುವುದೂ ಉಂಟು. ಕೊಳ್ಳೆಹೊಡೆ, ಕಾಡಿಸು ಎಂಬ ಅರ್ಥದ ಆ ಪದ ಸೈನ್ಯವೆಂಬ ಅರ್ಥದ ಹಳೆಯ ಇಂಗ್ಲಿಷ್ ಶಬ್ದದಿಂದ ಬಂದದ್ದು, ಬೇರೆ ವಂಶದ್ದು. ನಮ್ಮ ಆಡುಮಾತಿನ ಇಂಗ್ಲಿಷಿನಲ್ಲಿ ಕೇಳುವ ‘ಹರ್ರಿಬರ್ರಿ’ ಮಾತ್ರ ‘ಹರ್ರಿ’ಯ ಮನೆಯದೇ. ಇಂಗ್ಲೆಂಡಿನಲ್ಲಿ ಗದ್ದಲಕ್ಕೆ ‘ಹರ್ಲಿಬರ್ಲಿ’ ಎನ್ನುವ ಹಳೆಯ ಜೋಡುನುಡಿಯಿದೆ. ಗಡಿಬಿಡಿ, ದಡಬಡ, ಲಗುಬಗೆ ಎಂದು ಎರಡನೆಯ ಭಾಗವನ್ನು ಬಕಾರದಿಂದ ಆರಂಭಿಸುವ ರೂಢಿಯುಳ್ಳ ನಮ್ಮ ನಾಲಗೆಗೆ ಅಂಥ ಮಾತು ಬೇಗ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆ: ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಹೇಳಿಕೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವುಗಳಲ್ಲಿ ‘ನಾನು ಹರ್ರಿ ಮಾಡುತ್ತೇನೆ’, ‘ನಾನು ಹರ್ರಿಯರ್ ಆಗಿದ್ದೇನೆ’ ಎಂಬ ಬಗೆಯ ವಾಕ್ಯಗಳು ಬರುತ್ತವೆ. ಇಲ್ಲಿ ಅವಸರ ಎಂಬ ಅರ್ಥ ಹೊಂದುವುದಿಲ್ಲ. ಏನೆಂದು ಅನುವಾದಿಸಬೇಕು?
— ಅನುವಾದಕಿ, ಮೈಸೂರು

ಉತ್ತರ: ತಮ್ಮ ಸಂದೇಹ ಸರಿಯಾದದ್ದು. ಯಾರ್ಕ್‌ಷೈರ್ ಮತ್ತು ಲ್ಯಾಂಕಷೈರ್ ಸೀಮೆಯ ಗಣಿಗಳಲ್ಲಿ ‘ಹರ್ರಿ’ ಎಂದರೆ ಎಳೆದು ಸಾಗಿಸುವುದು ಎಂದೇ ಅರ್ಥ. ಗಣಿಯ ಒಳತುದಿಯಲ್ಲಿ ಕಡಿದ ಕಲ್ಲಿದ್ದಲನ್ನು ‘ಕಾರ್ಫ್’ ಎಂಬ ಗಾಲಿತೊಟ್ಟಿಗೆ ತುಂಬಿ, ತಗ್ಗಾದ ಸುರಂಗದಲ್ಲಿ ಬಾಗಿಕೊಂಡೋ ಅಂಬೆಗಾಲಿಕ್ಕಿಯೋ ಬಾವಿಯ ಬುಡದವರೆಗೆ ತರುತ್ತಿದ್ದವರೇ ಹರ್ರಿಯರ್‌ಗಳು. ಸೊಂಟಕ್ಕೆ ಪಟ್ಟಿ ಬಿಗಿದು, ಅದಕ್ಕೆ ಸರಪಳಿ ಸಿಕ್ಕಿಸಿ ಎಳೆಯುತ್ತಿದ್ದರು. ಹಿಂದಿನಿಂದ ತಲೆಯಿಂದಲೋ ಕೈಯಿಂದಲೋ ನೂಕುವುದೂ ಇತ್ತು. ಈ ಕೆಲಸಕ್ಕೆ ಹೆಚ್ಚಾಗಿ ಹಚ್ಚುತ್ತಿದ್ದುದು ಮಕ್ಕಳನ್ನು ಮತ್ತು ಹೆಂಗಸರನ್ನು. ಸುರಂಗವನ್ನು ಎತ್ತರಿಸುವ ಖರ್ಚಿಗಿಂತ ಸಣ್ಣ ಮೈಯವರನ್ನು ನೇಮಿಸುವ ಖರ್ಚು ಕಡಿಮೆಯಾಗಿತ್ತು ಎಂಬುದೇ ಅದಕ್ಕೆ ಕಾರಣ.

ಬ್ರಿಟಿಷ್ ಸರ್ಕಾರವು 1840ರಲ್ಲಿ ನೇಮಿಸಿದ ಮಕ್ಕಳ ದುಡಿಮೆಯ ವಿಚಾರಣಾ ಆಯೋಗದ ಗಣಿಗಳನ್ನು ಕುರಿತ ವರದಿ 1842ರಲ್ಲಿ ಹೊರಬಂದಿತು. ಅದರಲ್ಲಿ ಹ್ಯಾಲಿಫ್ಯಾಕ್ಸ್ ಬಳಿಯ ಗಣಿಯೊಂದರ ಪೇಷನ್ಸ್ ಕರ್ಷಾ ಎಂಬ 17 ವರ್ಷದ ಹುಡುಗಿಯ ಹೇಳಿಕೆ ಪ್ರಸಿದ್ಧವಾಗಿದೆ. ಬೆಳಗಿನ ಐದಕ್ಕೆ ಗಣಿಗೆ ಇಳಿದು ಸಂಜೆ ಐದಕ್ಕೆ ಹೊರಬರುತ್ತೇನೆ, ನೆಲದಡಿಯಲ್ಲಿ ಒಂದು ಮೈಲಿಗೂ ಮಿಕ್ಕಿ ದೂರ ತೊಟ್ಟಿಗಳನ್ನು ‘ಹರ್ರಿ’ ಮಾಡುತ್ತೇನೆ, ದಿನಕ್ಕೆ ಹನ್ನೊಂದು ತೊಟ್ಟಿ, ನೂಕಿ ನೂಕಿ ನನ್ನ ತಲೆಯ ಮೇಲೆ ಒಂದು ಕಡೆ ಬೋಳಾಗಿದೆ ಎಂದು ಅವಳು ಹೇಳಿದ್ದಾಳೆ. ಈ ವಾಕ್ಯಗಳಲ್ಲಿ ‘ಅವಸರದಿಂದ ತರುತ್ತೇನೆ’ ಎಂದು ಬರೆದುಬಿಟ್ಟರೆ ಅವಳ ಮಾತಿಗೆ ಅನ್ಯಾಯವಾಗುತ್ತದೆ. ‘ತೊಟ್ಟಿ ಎಳೆಯುತ್ತೇನೆ’, ‘ನಾನು ತೊಟ್ಟಿ ಎಳೆಯುವವಳು’ ಎಂಬ ನೇರವಾದ ಕನ್ನಡವೇ ಇಲ್ಲಿ ಸಾಕು.

ಎಳೆಯುವ ಅರ್ಥ ಬಂದದ್ದು ಹೇಗೆಂದರೆ, ‘ಹರ್ರಿ’ ಸಕರ್ಮಕವಾಗಿ ಮೊದಲಿನಿಂದಲೂ ‘ಬಲಾತ್ಕಾರವಾಗಿ ಸಾಗಿಸು, ನೂಕಿಕೊಂಡು ಹೋಗು’ ಎಂಬುದನ್ನು ಸೂಚಿಸುತ್ತಿತ್ತು. ಪೇಟೆಯ ಇಂಗ್ಲಿಷಿನಲ್ಲಿ ಆ ಅರ್ಥ ತೆಳುವಾಗಿ, ಬೇಗಬೇಗ ಮಾಡಿಸುವುದು ಎಂದಷ್ಟೇ ಉಳಿಯಿತು. ಉತ್ತರದ ಗಣಿಗಾರರ ಆಡುನುಡಿಯಲ್ಲಿ ಅದು ತನ್ನ ಭಾರವನ್ನು ಹಾಗೆಯೇ ಹೊತ್ತುಕೊಂಡಿತು. 1842ರ ಆಗಸ್ಟಿನಲ್ಲಿ ಅಂಗೀಕೃತವಾದ ಗಣಿ ಕಾಯಿದೆಯು ಹೆಂಗಸರು, ಹುಡುಗಿಯರು ಮತ್ತು 10 ವರ್ಷದೊಳಗಿನ ಹುಡುಗರು ನೆಲದಡಿಯಲ್ಲಿ ಕೆಲಸ ಮಾಡುವುದನ್ನು ನಿಷೇಧಿಸಿತು. ತಮ್ಮ ಅನುವಾದದಲ್ಲಿ ಒಂದು ಅಡಿಟಿಪ್ಪಣಿಯಾಗಿ ‘ಹರ್ರಿಯರ್’ ಎಂಬ ಮೂಲಪದವನ್ನೂ ಉಳಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ದುಡಿದವರು ತಮ್ಮ ಕೆಲಸಕ್ಕೆ ತಾವೇ ಇಟ್ಟುಕೊಂಡ ಹೆಸರು ಅಳಿಯಬಾರದು.

ಪ್ರಶ್ನೆ: ‘ಮೋರ್ ಹೇಸ್ಟ್, ಲೆಸ್ ಸ್ಪೀಡ್’ ಎಂಬ ಗಾದೆಯನ್ನು ಮಕ್ಕಳಿಗೆ ವಿವರಿಸುವಾಗ ತೊಡಕಾಗುತ್ತದೆ. ಹೇಸ್ಟ್ ಎಂದರೂ ಸ್ಪೀಡ್ ಎಂದರೂ ವೇಗವೇ ಅಲ್ಲವೇ? ಒಂದು ಹೆಚ್ಚಾದರೆ ಇನ್ನೊಂದು ಹೇಗೆ ಕಡಿಮೆಯಾಗುತ್ತದೆ?
— ಪ್ರೌಢಶಾಲಾ ಶಿಕ್ಷಕರು, ಶಿರಸಿ

ಉತ್ತರ: ಗಾದೆ ಹುಟ್ಟಿದಾಗ ‘ಸ್ಪೀಡ್’ ಎಂದರೆ ಸಿದ್ಧಿ, ಏಳಿಗೆ ಎಂಬ ಅರ್ಥವೂ ಜೀವಂತವಾಗಿತ್ತು. ಅವಸರ ಹೆಚ್ಚಿದಷ್ಟೂ ಕೆಲಸ ಕೈಗೂಡುವುದು ಕಡಿಮೆ ಎಂಬುದೇ ಗಾದೆಯ ತಾತ್ಪರ್ಯ. ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗಾದೆಗಳ ಸಂಗ್ರಹದಲ್ಲಿಯೇ ಇದು ಸೇರಿದೆ. ಅವಸರ ಮಾಡಿದರೆ ಹಾಳು ಎಂಬ ‘ಹೇಸ್ಟ್ ಮೇಕ್ಸ್ ವೇಸ್ಟ್’ ಕೂಡ ಅಲ್ಲಿದೆ. ನಮ್ಮ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯನ್ನು ಪಕ್ಕದಲ್ಲಿಟ್ಟು ವಿವರಿಸಿದರೆ ಮಕ್ಕಳಿಗೆ ಸುಲಭವಾದೀತು.

ಹಳೆಯ ಇಂಗ್ಲಿಷಿನ ‘ಸ್ಪೇಡ್’ ಸಮೃದ್ಧಿಯನ್ನು ಹೇಳುವ ಪದ. ಹೊರಡುವವರಿಗೆ ‘ಗಾಡ್‌ಸ್ಪೀಡ್’ ಎಂದು ಹಾರೈಸುವುದರಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ದೇವರು ನಿಮ್ಮನ್ನು ಓಡಿಸಲಿ ಎಂದು ಅದರ ಅರ್ಥವಲ್ಲ, ದೇವರು ಕೈಗೂಡಿಸಲಿ ಎಂದು. ಸಂಸ್ಕೃತದಲ್ಲಿ ಬೆಳೆಯುವುದನ್ನು, ತುಂಬಿಕೊಳ್ಳುವುದನ್ನು ಹೇಳುವ ‘ಸ್ಫಾಯ್’ ಧಾತುವೂ ಅದರಿಂದಾದ ‘ಸ್ಫೀತ’ವೂ ಇದರ ದೂರದ ಬಂಧುಗಳು. ಈ ನಂಟು ‘ಹರಿ–ಹರ್ರಿ’ಯ ಹೋಲಿಕೆಯಂಥದಲ್ಲ, ಸಂಸ್ಕೃತವೂ ಇಂಗ್ಲಿಷೂ ಒಂದೇ ಮೂಲಭಾಷೆಯಿಂದ ಕವಲೊಡೆದವಾದ್ದರಿಂದ, ಧ್ವನಿಗಳ ವ್ಯತ್ಯಾಸವನ್ನು ನಿಯಮಬದ್ಧವಾಗಿ ತೋರಿಸಿ ಸ್ಥಾಪಿಸಬಹುದಾದದ್ದು.

‘ಹೇಸ್ಟ್’ನ ಪಯಣ ಇನ್ನೂ ಕುತೂಹಲಕರ. ಅದು ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ‘ಹಸ್ಟ್’ನಿಂದ, ಇಂದಿನ ಫ್ರೆಂಚಿನಲ್ಲಿ ಅದೇ ‘ಆಟ್’ ಎಂದಾಗಿ, ಅದರ ಅಕಾರದ ಮೇಲಿನ ಟೋಪಿಯಂಥ ಚಿಹ್ನೆ ಬಿಟ್ಟುಹೋದ ಸಕಾರದ ಗುರುತಾಗಿ ನಿಂತಿದೆ. ಆದರೆ ಫ್ರೆಂಚಿಗೆ ಅದು ಲ್ಯಾಟಿನ್ನಿನಿಂದ ಬಂದದ್ದಲ್ಲ. ಇಂದಿನ ಫ್ರಾನ್ಸಿನ ನೆಲವನ್ನು ಆಕ್ರಮಿಸಿ ನೆಲೆಸಿದ ಫ್ರಾಂಕರೆಂಬ ಜರ್ಮಾನಿಕ್ ಜನ ತಂದ ಪದ ಅದು. ಅದರ ಸೋದರ ಪದಗಳು ಗಾತಿಕ್ ಭಾಷೆಯಲ್ಲಿ ಕಲಹವನ್ನೂ ಹಳೆಯ ಇಂಗ್ಲಿಷಿನಲ್ಲಿ ಹಿಂಸೆಯನ್ನೂ ಸೂಚಿಸುತ್ತಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನ ಜೊತೆಗೆ ಈ ಪದ ಇಂಗ್ಲಿಷಿಗೆ ಮರಳಿತು, ಕಲಹದ ಅರ್ಥವನ್ನು ಫ್ರಾನ್ಸಿನಲ್ಲಿಯೇ ಕಳೆದುಕೊಂಡು, ಅವಸರದ ಅರ್ಥವನ್ನು ಹೊತ್ತು. ಗಲಭೆಯಿಂದ ಅವಸರಕ್ಕೆ ಬಂದ ‘ಹರ್ರಿ’ಯೂ ಕಲಹದಿಂದ ಅವಸರಕ್ಕೆ ಬಂದ ‘ಹೇಸ್ಟ್’ ಕೂಡ ಬೇರೆ ಬೇರೆ ಹಾದಿಯಲ್ಲಿ ಬಂದು ಒಂದೇ ಕಡೆ ಸೇರಿವೆ.

ಬಳಕೆಯಲ್ಲಿ ಇವೆರಡರ ವ್ಯತ್ಯಾಸವಿಷ್ಟೆ: ‘ಹರ್ರಿ’ ಮಾತಿನ ಪದ, ‘ಹೇಸ್ಟ್’ ಬರಹದ ಪದ. ‘ಐ ಆ್ಯಮ್ ಇನ್ ಎ ಹರ್ರಿ’ ಎನ್ನುವವರು ಬೀದಿಯಲ್ಲಿ ಸಿಗುತ್ತಾರೆ; ‘ಇನ್ ಹೇಸ್ಟ್’ ಎಂಬುದು ಹೆಚ್ಚಾಗಿ ಕಾಗದದ ಮೇಲೆ ಸಿಗುತ್ತದೆ. ‘ಸ್ಪೀಡ್’ನಲ್ಲಿ ಮನಸ್ಸಿನ ಗಡಿಬಿಡಿ ಎಳ್ಳಷ್ಟೂ ಇಲ್ಲ, ಅದು ಅಳೆಯಬಹುದಾದ ವೇಗ.

ಪ್ರಶ್ನೆ: ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ‘ಪೋಸ್ಟ್‌ಹೇಸ್ಟ್’ ಎಂಬ ಮಾತಿಗೂ ಅಂಚೆಗೂ ಸಂಬಂಧವಿದೆಯೇ?
— ನಿವೃತ್ತ ಅಂಚೆ ನೌಕರರು, ಹಾಸನ

ಉತ್ತರ: ಖಂಡಿತವಾಗಿಯೂ ಇದೆ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜಕಾರ್ಯದ ಪತ್ರಗಳ ಹೊರಮೈಯಲ್ಲಿ ‘ಹೇಸ್ಟ್, ಪೋಸ್ಟ್, ಹೇಸ್ಟ್’ ಎಂದು ಬರೆಯುತ್ತಿದ್ದರು. ಇಲ್ಲಿ ‘ಪೋಸ್ಟ್’ ಎಂದರೆ ಪತ್ರವನ್ನು ಒಯ್ಯುವ ಕುದುರೆಯ ಸವಾರ. ಬೇಗ, ಸವಾರನೇ, ಬೇಗ ಎಂದು ಅವನಿಗೆ ನೇರವಾಗಿ ಹೇಳುವ ಮಾತದು. ಕೆಲವು ಪತ್ರಗಳಲ್ಲಿ ‘ನಿನ್ನ ಪ್ರಾಣಕ್ಕಾಗಿ’ ಎಂಬ ಎಚ್ಚರಿಕೆಯೂ, ಓದು ಬಾರದವನಿಗೂ ತಿಳಿಯಲೆಂದು ಗಲ್ಲುಗಂಬದ ಚಿತ್ರವೂ ಇರುತ್ತಿದ್ದವು. ಈ ಸಂಬೋಧನೆಯೇ ಮುಂದೆ ಒಂದೇ ಪದವಾಗಿ, ಅತಿ ಶೀಘ್ರವಾಗಿ ಎಂಬ ಅರ್ಥದ ಅವ್ಯಯವಾಯಿತು.

‘ಪೋಸ್ಟ್’ ಎಂಬ ಪದವೇ ಲ್ಯಾಟಿನ್ನಿನಲ್ಲಿ ‘ಇರಿಸಿದ್ದು’ ಎಂಬ ಅರ್ಥದಿಂದ ಬಂದದ್ದು. ದಾರಿಯುದ್ದಕ್ಕೂ ಅಲ್ಲಲ್ಲಿ ಕುದುರೆಗಳನ್ನೂ ಆಳುಗಳನ್ನೂ ಇರಿಸಿ, ದಣಿದ ಕುದುರೆಯನ್ನು ಬಿಟ್ಟು ಹೊಸದನ್ನೇರಿ ಪತ್ರವನ್ನು ಮುಂದಕ್ಕೆ ಸಾಗಿಸುವ ವ್ಯವಸ್ಥೆ ಅದಾಗಿತ್ತು. ನಮ್ಮಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾದ ಮೈಸೂರು ಅಂಚೆಯಲ್ಲಿ ಓಟದ ಆಳುಗಳು ಕಟ್ಟೆಯಿಂದ ಕಟ್ಟೆಗೆ ಚೀಲವನ್ನು ಕೈದಾಟಿಸುತ್ತಿದ್ದುದು ತಮಗೆ ತಿಳಿದೇ ಇರುತ್ತದೆ. ಕಾಲು ಕುದುರೆಯದಾಗಲಿ ಮನುಷ್ಯನದಾಗಲಿ, ತತ್ತ್ವ ಒಂದೇ.

ಪ್ರಶ್ನೆ: ‘ಕ್ವಿಕ್’ ಎಂಬ ಪದಕ್ಕೆ ಜೀವವುಳ್ಳದ್ದು ಎಂಬ ಅರ್ಥವೂ ಇದೆಯೆಂದು ಓದಿದೆ. ನಿಜವೇ?
— ವಿದ್ಯಾರ್ಥಿನಿ, ಉಡುಪಿ

ಉತ್ತರ: ನಿಜ, ಅದೇ ಮೂಲ ಅರ್ಥ. ಹಳೆಯ ಇಂಗ್ಲಿಷಿನ ‘ಕ್ವಿಕ್’ ಬದುಕಿರುವುದನ್ನು ಹೇಳುತ್ತಿತ್ತು. ಕ್ರೈಸ್ತರ ವಿಶ್ವಾಸ ಪ್ರಮಾಣದ ಇಂಗ್ಲಿಷ್ ಪಾಠದಲ್ಲಿ ‘ದ ಕ್ವಿಕ್ ಆ್ಯಂಡ್ ದ ಡೆಡ್’ ಎಂದರೆ ಬದುಕಿರುವವರು ಮತ್ತು ಸತ್ತವರು. ಪಾದರಸಕ್ಕೆ ‘ಕ್ವಿಕ್‌ಸಿಲ್ವರ್’ ಎಂಬ ಹೆಸರು ಬಂದದ್ದು ಅದು ಬೇಗ ಹರಿಯುತ್ತದೆಂದಲ್ಲ. ಜೀವವುಳ್ಳ ಬೆಳ್ಳಿಯಂತೆ ತಾನೇ ಚಲಿಸುತ್ತದೆಂದು. ಉಗುರಿನ ಬುಡದ ನೋಯುವ ಮಾಂಸವೂ ‘ಕ್ವಿಕ್’. ಬಸುರಿಗೆ ಮಗುವಿನ ಮೊದಲ ಮಿಸುಕಾಟ ತಿಳಿಯುವುದನ್ನು ವೈದ್ಯರು ಈಗಲೂ ‘ಕ್ವಿಕನಿಂಗ್’ ಎನ್ನುತ್ತಾರೆ. ಜೀವವಿರುವುದು ಚಲಿಸುತ್ತದೆ, ಚುರುಕಾಗಿರುತ್ತದೆ. ಅಲ್ಲಿಂದ ಬೇಗ ಎಂಬ ಅರ್ಥ ಬೆಳೆಯಿತು. ತಮಗೆ ಸಂತೋಷವಾಗುವ ಇನ್ನೊಂದು ಸಂಗತಿಯೆಂದರೆ, ಇಂಗ್ಲಿಷಿನ ‘ಕ್ವಿಕ್’, ಲ್ಯಾಟಿನ್ನಿನ ‘ವೀವುಸ್’ ಮತ್ತು ನಾವು ದಿನವೂ ಆಡುವ ಸಂಸ್ಕೃತಮೂಲದ ‘ಜೀವ’ ಮೂರೂ ಒಂದೇ ಮೂಲಪದದ ಮಕ್ಕಳು.

‘ಫಾಸ್ಟ್’ ಪದದ ಕಥೆ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಅದರ ಮೊದಲ ಅರ್ಥ ಗಟ್ಟಿ, ಭದ್ರ, ಅಲುಗದ್ದು. ಬಟ್ಟೆಯಂಗಡಿಯವರು ‘ಫಾಸ್ಟ್ ಕಲರ್’ ಎಂದಾಗ ಬಿಡದ ಬಣ್ಣವೆಂದು ಅರ್ಥ. ಗಟ್ಟಿಯಾಗಿ ಓಡು ಎಂದರೆ ಬಲಹಾಕಿ ಓಡು ಎಂದಾಗಿ, ಅದು ಬೇಗ ಓಡು ಎಂಬ ಅರ್ಥಕ್ಕೆ ತಿರುಗಿತು.

ಪ್ರಶ್ನೆ: ಇಂಗ್ಲಿಷಿನ ಪದಗಳು ಇಷ್ಟು ಅರ್ಥ ಬದಲಿಸಿರುವಾಗ ಕನ್ನಡದ ಅವಸರ, ಆತುರಗಳೂ ಬದಲಾಗಿವೆಯೇ?
— ಓದುಗರು, ಕಲಬುರಗಿ

ಉತ್ತರ: ಬದಲಾಗಿವೆ. ಸಂಸ್ಕೃತದಲ್ಲಿ ‘ಅವಸರ’ ಎಂದರೆ ಸಂದರ್ಭ, ಸಮಯಾವಕಾಶ. ಹಿಂದಿಯವರು ಇಂದಿಗೂ ಸದವಕಾಶಕ್ಕೆ ‘ಅವಸರ್’ ಎನ್ನುತ್ತಾರೆ. ಹೊತ್ತು ಎಂಬುದು ಹೊತ್ತು ಮೀರುತ್ತಿದೆ ಎಂಬುದಾಗಿ ಕನ್ನಡದಲ್ಲಿ ಅರ್ಥ ಹೊರಳಿತು. ‘ಆತುರ’ದ ಮೂಲ ಅರ್ಥ ರೋಗಪೀಡಿತ. ಸ್ವಸ್ಥನ ಸ್ವಾಸ್ಥ್ಯವನ್ನು ಕಾಪಾಡುವುದು, ಆತುರನ ವಿಕಾರವನ್ನು ಶಮನಗೊಳಿಸುವುದು ಎಂದು ಚರಕ ಸಂಹಿತೆಯು ಆಯುರ್ವೇದದ ಪ್ರಯೋಜನವನ್ನು ಹೇಳುವಾಗ ಆತುರನೆಂದರೆ ರೋಗಿ. ಮರಣಶಯ್ಯೆಯಲ್ಲಿ ಸ್ವೀಕರಿಸುವ ಸಂನ್ಯಾಸಕ್ಕೆ ‘ಆತುರ ಸಂನ್ಯಾಸ’ ಎಂಬ ಹೆಸರು ಬಂದದ್ದೂ ಅದರಿಂದಲೇ. ಅವಸರದಲ್ಲಿ ತೆಗೆದುಕೊಂಡ ಸಂನ್ಯಾಸವೆಂದು ಕೆಲವರು ತಿಳಿಯುವುದು ಸರಿಯಲ್ಲ. ಕಾಮಾತುರ, ಅರ್ಥಾತುರ ಎಂಬ ಸಮಾಸಗಳಲ್ಲಿ ಬಯಕೆಯಿಂದ ಪೀಡಿತರಾದವರು ಎಂಬ ಅರ್ಥ ಸೇತುವೆಯಾಗಿ, ಪೀಡೆಯಿಂದ ತವಕಕ್ಕೂ ತವಕದಿಂದ ಅವಸರಕ್ಕೂ ಪದ ಸಾಗಿತು. ಆದ್ದರಿಂದಲೇ ಇಂದೂ ‘ಆತುರ’ದಲ್ಲಿ ಮನಸ್ಸಿನ ತಾಳ್ಮೆಗೇಡಿತನ ‘ಅವಸರ’ಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ. 18ನೆಯ ಶತಮಾನದ ‘ಹರ್ರಿ’ಗೆ ಕನ್ನಡದಲ್ಲಿ ಒಂದು ಪದವನ್ನು ಆರಿಸಬೇಕಾದರೆ ನಾನು ಆತುರವನ್ನು ಆರಿಸುತ್ತೇನೆ, ಇಂದಿನ ‘ಹರ್ರಿ’ಗೆ ಅವಸರವನ್ನು.

ಪ್ರಶ್ನೆ: ಹಳ್ಳಿಗಳಲ್ಲಿಯೂ ಈಗ ಎಲ್ಲರೂ ‘ಅರ್ಜೆಂಟು’ ಎನ್ನುತ್ತಾರೆ. ‘ಹರ್ರಿ’ ಬಾರದವರಿಗೂ ಈ ಪದ ಹೇಗೆ ಬಂತು?
— ಓದುಗರು, ಮಂಡ್ಯ

ಉತ್ತರ: ‘ಹರ್ರಿ’ ಇಂಗ್ಲಿಷ್ ಶಾಲೆಗಳ ದಾರಿಯಿಂದ ಬಂದರೆ, ‘ಅರ್ಜೆಂಟು’ ಕಚೇರಿಯ ಕಡತ ಮತ್ತು ದೂರವಾಣಿಯ ದಾರಿಯಿಂದ ಬಂದದ್ದು ಎಂಬುದು ನನ್ನ ಅಭಿಪ್ರಾಯ. ಬೇರೆ ಊರಿಗೆ ಟ್ರಂಕ್ ಕಾಲ್ ಕಾಯ್ದಿರಿಸಬೇಕಾಗಿದ್ದ ದಿನಗಳಲ್ಲಿ ಕರೆಗಳಿಗೆ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಹೆಚ್ಚು ಹಣ ತೆತ್ತವರಿಗೆ ಸಂಪರ್ಕ ಬೇಗ ಸಿಗುತ್ತಿತ್ತು. ಇಂಗ್ಲಿಷ್ ಓದಿರದವರೂ ಅಂಚೆ ಕಚೇರಿಯ ಕಿಟಕಿಯಲ್ಲಿ ಈ ಪದವನ್ನು ಹೇಳಬೇಕಾಗುತ್ತಿತ್ತು.

ಲ್ಯಾಟಿನ್ನಿನಲ್ಲಿ ಒತ್ತು, ನೂಕು ಎಂಬ ಅರ್ಥದ ಧಾತುವಿನಿಂದ ಹುಟ್ಟಿ, ಫ್ರೆಂಚಿನ ಮೂಲಕ 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿದ ಪದವಿದು. ಇಂಗ್ಲಿಷಿನಲ್ಲಿ ಇದು ವಿಶೇಷಣ ಮಾತ್ರ, ಕೆಲಸವೋ ಪತ್ರವೋ ಕೋರಿಕೆಯೋ ಅರ್ಜೆಂಟ್ ಆಗಿರುತ್ತದೆ. ಕನ್ನಡ ಇದಕ್ಕೆ ಉಕಾರವನ್ನು ಸೇರಿಸಿ ಪೂರ್ತಿ ನಾಮಪದವನ್ನಾಗಿ ಮಾಡಿಕೊಂಡಿದೆ: ‘ಅರ್ಜೆಂಟು ಮಾಡಬೇಡ’, ‘ನನಗೆ ಅರ್ಜೆಂಟಿದೆ’, ‘ಅರ್ಜೆಂಟಿನಲ್ಲಿ ಮರೆತೆ’. ಬರವಣಿಗೆಯಲ್ಲಿ ಇದಕ್ಕೆ ‘ತುರ್ತು’ ಚೆನ್ನಾಗಿ ಹೊಂದುತ್ತದೆ. ಮರಾಠಿ, ಹಿಂದಿಗಳ ತುರ್ತ್, ತುರಂತ್‌ಗಳ ಬಳಗದ ಆ ಪದ ತುರ್ತು ಚಿಕಿತ್ಸೆ, ತುರ್ತು ಪರಿಸ್ಥಿತಿ ಎಂಬ ಪ್ರಯೋಗಗಳಲ್ಲಿ ಈಗಾಗಲೇ ನೆಲೆಯೂರಿದೆ. ಮಾತಿನಲ್ಲಿ ‘ಅರ್ಜೆಂಟು’ ಎನ್ನುವವರನ್ನು ತಿದ್ದುವ ಅಗತ್ಯ ನನಗೆ ಕಾಣುವುದಿಲ್ಲ.